ಬಾಗೆ ಆಮ್: ನಾಂಪಲ್ಲಿಯ ತೋಟ ಮತ್ತು ನಮ್ಮ ಊರುಗಳು



ತಾಂಡೂರಿನಲ್ಲಿ ರೈಲು ಹತ್ತಿ ಹೈದರಾಬಾದಿನ ನಾಂಪಲ್ಲಿ ಸ್ಟೇಶನ್ನಿನಲ್ಲಿ ಇಳಿಯುವ ನಿಮಗೆ ಪಬ್ಲಿಕ್ ಗಾರ್ಡನ್ ಹೊಸದೇನಲ್ಲ. ದವಾಖಾನೆಗೋ ಕಚೇರಿಗೋ ಹೋದವರು ಅಲ್ಲಿಯ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ತುಸು ಅಡ್ಡಾಗಿ ಬಂದಿರುತ್ತೀರಿ. ಉರ್ದುವಿನಲ್ಲಿ ಅದರ ಹೆಸರು ಬಾಗೆ ಆಮ್. ಆಮ್ ಎಂದೊಡನೆ ಮಾವಿನ ತೋಪು ಎಂದುಕೊಳ್ಳಬೇಡಿ. ದಿವಾನೆ ಆಮ್ ಎನ್ನುತ್ತೇವಲ್ಲ, ಆ ಆಮ್. ಸಾಮಾನ್ಯ ಜನರ ತೋಟವೆಂದು ಅರ್ಥ.

ಅರಸರು ತಮಗಾಗಿ ತೋಟ ಮಾಡಿಸಿಕೊಳ್ಳುವುದು ಹಳೆಯ ಪದ್ಧತಿ. ಊರಿನ ಎಲ್ಲರೂ ಕಾಲಿಡಬಹುದಾದ ತೋಟಗಳು ಹೆಚ್ಚಿದ್ದು 19ನೆಯ ಶತಮಾನದಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕು 1870ರದು. ಡಚ್ಚರ ಆಮ್‌ಸ್ಟರ್‌ಡ್ಯಾಮ್ ಪಟ್ಟಣದ ವೊಂಡೆಲ್ ಪಾರ್ಕು 1865ರಲ್ಲಿ ತೆರೆಯಿತು. ಅದನ್ನು ಮಾಡಿಸಿದ್ದು ಅರಸನಲ್ಲ. ಪಟ್ಟಣದ ಉಳ್ಳವರು ಹಣ ಕೂಡಿಸಿ ಮಾಡಿಸಿದರು. 1953ರಲ್ಲಿ ನಗರಾಡಳಿತಕ್ಕೆ ಒಪ್ಪಿಸಿದರು. ಅದಕ್ಕಿರುವ ಹೆಸರು ಒಬ್ಬ ಕವಿಯದು, ಇದು ಮೆಚ್ಚಬೇಕಾದ ಮಾತು.

ನಮ್ಮ ಬಾಗೆ ಆಮ್ ನಿಜಾಮರ ಕಾಲದ್ದು. ಆದರೂ ಜನರ ಚಂದಾ ಅಲ್ಲಿಯೂ ಬಿದ್ದಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರಿಗೆ 40 ತುಂಬಿದ ನೆನಪಿಗೆ ನಗರದ ಜನ ಹಣ ಸೇರಿಸಿ ಟೌನ್ ಹಾಲ್ ಕಟ್ಟಿಸಹೊರಟರು. 1905ರಲ್ಲಿ ಆರಂಭವಾದ ಆ ಬಿಳಿಯ ಕಟ್ಟಡ ಮುಗಿದದ್ದು 1913ರಲ್ಲಿ. ಅಷ್ಟರಲ್ಲಿ ಮಹಬೂಬರು ತೀರಿಕೊಂಡು ಎರಡು ವರ್ಷವಾಗಿತ್ತು. ಅದೇ ತೋಟದ ಜುಬಿಲಿ ಹಾಲಿನಲ್ಲಿ 1937ರಲ್ಲಿ ಏಳನೆಯ ನಿಜಾಮರ ಆಳ್ವಿಕೆಯ ರಜತೋತ್ಸವ ನಡೆಯಿತು. ಮುಂದೆ ಹನ್ನೊಂದೇ ವರ್ಷ; 1948ರ ಸೆಪ್ಟೆಂಬರಿನಲ್ಲಿ ಮೊಗಲಾಯಿ ಮುಗಿಯಿತು.

ನಿಮಗೆ ಹೇಳಬೇಕಾದದ್ದು ಇಲ್ಲಿಂದ ಮುಂದಿನದು. 1952ರ ಚುನಾವಣೆಯ ಬಳಿಕ ಅರಸನ ನೆನಪಿನ ಆ ಟೌನ್ ಹಾಲಿನಲ್ಲಿ ಹೈದರಾಬಾದ್ ರಾಜ್ಯದ ಶಾಸನಸಭೆ ಕೂಡತೊಡಗಿತು. ತೆಲುಗು, ಮರಾಠಿ, ಕನ್ನಡ ಮೂರೂ ಸೀಮೆಗಳ ಸದಸ್ಯರು ಒಂದೇ ಸೂರಿನಡಿ ಕುಳಿತರು. ಆಗ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು.

1955ರ ಸೆಪ್ಟೆಂಬರ್ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂತು. ತೆಲುಗು ಜಿಲ್ಲೆಗಳ ಜೊತೆ ಬೀದರನ್ನೂ ಸೇರಿಸಿ ಹೈದರಾಬಾದ್ ರಾಜ್ಯವನ್ನು ಉಳಿಸಬೇಕೆಂದು ಅದರ ಸಲಹೆ. ಆ ವರ್ಷದ ಕೊನೆಯಲ್ಲಿ ಇದೇ ತೋಟದ ಸಭೆಯಲ್ಲಿ ಚರ್ಚೆ ನಡೆದಾಗ 147 ಸದಸ್ಯರು ಅಭಿಪ್ರಾಯ ಹೇಳಿದರು. 103 ಮಂದಿ ಆಂಧ್ರದೊಡನೆ ಕೂಡುವುದಕ್ಕೆ ಒಪ್ಪಿದರು, 29 ಮಂದಿ ಬೇರೆ ತೆಲಂಗಾಣ ಬೇಕೆಂದರು, 15 ಮಂದಿ ತಟಸ್ಥರಾದರು. ಗಡಿ ಗೆರೆಯನ್ನು ಎಳೆದದ್ದು ದಿಲ್ಲಿಯ ಸಂಸತ್ತು, ನಿಜ. ಆದರೆ ನಮ್ಮ ರಾಜ್ಯವೇ ಇಲ್ಲವಾಗುವ ಮಾತಿಗೆ ಕಿವಿಯಾದದ್ದು ಈ ತೋಟ.

ಉಳಿಯಬೇಕೆಂದ ಬೀದರ್ ಜಿಲ್ಲೆ 1956ರ ನವೆಂಬರ್ 1ರಂದು ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ಮರಾಠಿ ಕಡೆಗೆ ಹೋದವು. ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್ ಆಂಧ್ರಕ್ಕೆ ಸೇರಿದವು. ಉಳಿದದ್ದು ಮೈಸೂರಿಗೆ. ಗುಲ್ಬರ್ಗಾದಿಂದ ತಾಂಡೂರು, ಕೊಡಂಗಲ್ ಬೇರೆಯಾದವು. ಮಾವನ ಮನೆ ಒಂದು ರಾಜ್ಯ, ತವರು ಇನ್ನೊಂದು ರಾಜ್ಯ ಆದ ಲೆಕ್ಕ ನಿಮಗೇ ಗೊತ್ತು.

ತೋಟದ ಬಳಕೆ ಮಾತ್ರ ನಿಂತಿಲ್ಲ. ಮಕ್ಕಳಿಗೆ ಬಾಲಭವನವಿದೆ, ನಮಾಜಿಗೆ ಶಾಹಿ ಮಸೀದಿಯಿದೆ, ಬೆಳಗಿನ ವಾಯುವಿಹಾರದವರು ಇದ್ದೇ ಇದ್ದಾರೆ. ಸೆಪ್ಟೆಂಬರ್ 17ರ ಸರಕಾರಿ ಸಮಾರಂಭವೂ ಅಲ್ಲಿ ನಡೆದಿದೆ: 2023ರಲ್ಲಿ ರಾಷ್ಟ್ರೀಯ ಸಮಗ್ರತಾ ದಿನವೆಂದು, 2024ರಲ್ಲಿ ಪ್ರಜಾಪಾಲನಾ ದಿನವೆಂದು. ಅದೇ ದಿನ ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ದಿನ ಒಂದೇ, ಹೆಸರು ಬೇರೆ ಬೇರೆ.

ಮುಂದಿನ ಸಲ ಹೋದಾಗ ಊಟ ಮುಗಿಸಿ ಒಳಗಿನ ಮ್ಯೂಸಿಯಮ್ಮಿಗೂ ಹೋಗಿರಿ. ಮಕ್ಕಳು ಈಜಿಪ್ಟಿನ ಮಮ್ಮಿಯ ಮುಂದೆ ನಿಲ್ಲುತ್ತಾರೆ, ನಿಲ್ಲಲಿ. ನೀವು ಬಿದರಿ ಸಾಮಾನುಗಳ ಕಡೆ ನಡೆಯಿರಿ. ಸತುವು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂಡಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಕೆಲಸ ಅದು. ನ್ಯಾಲಕಲ್ಲಿನವರು ಬೀದರ್ ತಾಲೂಕಿನವರೇ ಆಗಿದ್ದ ದಿನಗಳನ್ನು ಅದು ಆ ತೋಟದಲ್ಲಿ ನೆನಪಿಸುತ್ತದೆ.