ಹೇರಿಗೊಂದು ದರ, ಹೊರೆಗೊಂದು ದರ

ಶಹಾಪುರ ತಾಲ್ಲೂಕಿನ ನಮ್ಮ ಶಿರವಾಳದಲ್ಲಿ ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಬಹಳ ಇವೆ. ಆ ಕಾಲದ ಗುಡಿಗಳ ದೀಪಕ್ಕೆ ಎಣ್ಣೆ ಎಲ್ಲಿಂದ ಬರುತ್ತಿತ್ತು?

ರಾಜರು ಹೊಲ ಬಿಡುತ್ತಿದ್ದರು, ಸರಿ. ಆದರೆ ಕನ್ನಡ ನಾಡಿನ ಎಷ್ಟೋ ಗುಡಿ, ಬಸದಿಗಳಿಗೆ ಸಂತೆಯಿಂದಲೂ ಪಾಲು ಬರುತ್ತಿತ್ತು. ಅದು ಎಲ್ಲರಿಗೂ ಒಂದೇ ಅಲ್ಲ. ಗಾಣದವರು ಸೊಲ್ಲಗೆ ಲೆಕ್ಕದಲ್ಲಿ ಎಣ್ಣೆ ಕೊಡಬೇಕು. ಧಾನ್ಯದವರು ಧಾನ್ಯ, ಎಲೆ ಮಾರುವವರು ಎಲೆ. ಎತ್ತಿನ ಮೇಲೆ ತಂದರೆ ಹೇರು, ತಲೆಮೇಲೆ ತಂದರೆ ಹೊರೆ. ಕೆಲವು ಶಾಸನಗಳಲ್ಲಿ ಹೊರೆಗೆ ಹೇರಿಗಿಂತ ಕಡಿಮೆ ದರ. ಹೊರುವವರ ಕಷ್ಟ ಗೊತ್ತಿದ್ದವರೇ ಬರೆಸಿರಬೇಕು!

ಬೆಳಗಾವಿಯ 1204ರ ರಟ್ಟರ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸ್ಥಳೀಯ ವ್ಯಾಪಾರಿಗಳ ಜೊತೆ ಗುಜರಾತಿನ ಕಡೆಯ ಲಾಳರು, ಮಲೆಯಾಳದವರು ಸೇರಿ ರಟ್ಟ ಜಿನಾಲಯಕ್ಕೆ ಯಾವ ಸರಕಿಗೆ ಎಷ್ಟು ಎಂದು ತಾವೇ ಒಪ್ಪಿಕೊಂಡರು. ಒಪ್ಪಿದ್ದನ್ನು ಕಲ್ಲಿನಲ್ಲಿ ಕೆತ್ತಿಸಿದರು. ಆಮೇಲೆ ಬಂದು ಹೆಚ್ಚು ಕೇಳುವವನಿಗೆ ಕಲ್ಲು ತೋರಿಸಬಹುದಿತ್ತು.

ಈಗ ಹಳ್ಳಿ ಸಂತೆಯ ಜಕಾತಿ ಗ್ರಾಮ ಪಂಚಾಯಿತಿಯದು. ಬಹಳ ಕಡೆ ಹರಾಜು ಹಿಡಿದ ಗುತ್ತಿಗೆದಾರರು ವಸೂಲಿ ಮಾಡುತ್ತಾರೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪಟ್ಟಣದ ಸಮಿತಿಗಳಲ್ಲಿ ವ್ಯಾಪಾರಿಗಳಿಗೆ ಕನಿಷ್ಠ ಶೇ 40 ಸ್ಥಾನ ಕೊಟ್ಟಿದೆ. ಆದರೆ ಅದು ನಗರ ಪ್ರದೇಶಕ್ಕೆ ಮಾತ್ರ. ಹಳ್ಳಿ ಸಂತೆಯಲ್ಲಿ ಪುಂಡಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವನಿಗೆ ಅಂಥ ಕುರ್ಚಿ ಇಲ್ಲ.

ನಿಮ್ಮೂರ ಸಂತೆಯಲ್ಲಿ ದರದ ಫಲಕ ಇದೆಯೇ? ಬುಟ್ಟಿಗೆ ಎಷ್ಟು, ಟಂಟಂ ಗಾಡಿಗೆ ಎಷ್ಟು ಎಂದು ಅದರಲ್ಲಿ ಬೇರೆ ಬೇರೆ ಬರೆದಿದೆಯೇ? ನೋಡಿ ನಮಗೆ ತಿಳಿಸಿ.