ಕಯಾಕಿನ ನೆಂಟ ಹರಿಗೋಲು

ಗೆಳೆಯರೊಡನೆ ವಿದೇಶಕ್ಕೆ ಹೋಗಿ, ನೊರೆಯುಕ್ಕುವ ಹೊಳೆಯಲ್ಲಿ ಕಯಾಕ್ ನಡೆಸುವುದು ಇಂದು ದುಬಾರಿ ಸಾಹಸ. ಆರ್ಕ್‌ಟಿಕ್‌ನ ಇನ್ಯೂಟ್ ಬೇಟೆಗಾರರಿಗೆ ಅದು ಹೊಟ್ಟೆಪಾಡಿನ ದೋಣಿಯಾಗಿತ್ತು. ಚೌಕಟ್ಟಿನ ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡುತ್ತಿದ್ದರು.

ಹಂಸಭಾವಿಯವರಿಗೆ ಇಂಥ ದೋಣಿ ಹೊಸದಲ್ಲ. ಹಿರೇಕೆರೂರು ಸೀಮೆಯ ಕುಮುದ್ವತಿ ಹೋಗಿ ಸೇರುವ ತುಂಗಭದ್ರೆಯಲ್ಲಿ ಜನರನ್ನು ದಾಟಿಸುತ್ತಿದ್ದುದು ತೊಗಲಿನ ಹರಿಗೋಲು. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, 15–20 ಜನ ಹಿಡಿಯುತ್ತಾರೆ, ಸುತ್ತುತ್ತಲೇ ಸಾಗುತ್ತದೆ.

ಕಯಾಕ್ ಉದ್ದವಾದ್ದರಿಂದ ನೇರ ಓಡುತ್ತದೆ. ಹರಿಗೋಲು ಸುತ್ತಿದರೂ, ಚಪ್ಪಟೆ ತಳದಿಂದಾಗಿ ಬಂಡೆಗಳ ನಡುವಿನ ಆಳವಿಲ್ಲದ ನೀರಲ್ಲೂ ತೇಲುತ್ತದೆ.

ಸೇತುವೆಗಳು ಬಂದು ಜೀವಭಯ ತಗ್ಗಿತು, ಒಳ್ಳೆಯದೇ ಆಯಿತು. ಆದರೆ ಕಯಾಕ್ ಕಲಿಸಲು ಶಿಬಿರಗಳಿವೆ. ಅಂಬಿಗನ ವಿದ್ಯೆ ಅಪ್ಪನಿಂದ ಮಗನಿಗೆ ಬಂದದ್ದು. ಮಗ ಹುಟ್ಟು ಹಿಡಿಯದಿದ್ದರೆ ಅಲ್ಲಿಗೇ ಮುಗಿಯಿತು.