ಒಪ್ಪಿಗೆ

‘ಒಪ್ಪು’ ಧಾತುವಿಗೆ ‘ಇಗೆ’ ಪ್ರತ್ಯಯ ಸೇರಿ ಆದ ಅಚ್ಚಗನ್ನಡ ನಾಮಪದ. ಹಳಗನ್ನಡದಲ್ಲಿ ‘ಒಪ್ಪು’ ಎಂದರೆ ಹೊಂದು, ಸೊಗಸಾಗಿ ಕಾಣು, ಸಮ್ಮತಿಸು. ಇದರ ನಂಟಿನ ‘ಒಪ್ಪ’ ಶಾಸನಗಳಲ್ಲಿ ರುಜು. ವಿಜಯನಗರದ ಅರಸರ ಎಷ್ಟೋ ದಾನಶಾಸನಗಳು ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪದಿಂದ ಮುಗಿಯುತ್ತವೆ.

ವಿಜಯನಗರದ ಹೆಸರನ್ನೇ ಹೊತ್ತ ಇಂದಿನ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜನಕ್ಕೆ ‘ಒಪ್ಪಿಗೆ ಪತ್ರ’ ಎಂದರೆ ಆಪರೇಷನ್‌ಗೆ ಮುಂಚೆ ಸಹಿ ಹಾಕುವ, ಇಲ್ಲವೇ ಹೆಬ್ಬೆಟ್ಟು ಒತ್ತುವ ಹಾಳೆ. ಈಗ ಮೊಬೈಲಿಗೆ ಬರುವ ಓಟಿಪಿ ಹೇಳುವುದೂ ಒಪ್ಪಿಗೆಯೇ. 14 ಅಂಕಿಯ ಆಭಾ ಆರೋಗ್ಯ ಖಾತೆ ಸಂಖ್ಯೆಗೆ ಜೋಡಿಸಿದ ದಾಖಲೆಗಳನ್ನು ಮತ್ತೊಂದು ಆಸ್ಪತ್ರೆ ನೋಡಬೇಕಾದರೆ ರೋಗಿ ಒಪ್ಪಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಪದಕ್ಕೆ ಐದು ಲಕ್ಷಣ ಹೇಳುತ್ತದೆ: ಒತ್ತಾಯವಿಲ್ಲದ್ದು, ನಿರ್ದಿಷ್ಟವಾದದ್ದು, ತಿಳಿದು ಕೊಟ್ಟದ್ದು, ಷರತ್ತಿಲ್ಲದ್ದು, ಸಂದೇಹಕ್ಕೆ ಎಡೆಯಿಲ್ಲದ್ದು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲೂ ಬರಬೇಕು. ವಿವರವನ್ನು ಕನ್ನಡದಲ್ಲೇ ಕೇಳಿ ಓದಬಹುದು. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ವಿನಾಯಿತಿ ಉಂಟು. ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ; ಒಪ್ಪಿಗೆಯ ಕಲಮುಗಳು ಜಾರಿಗೆ ಬರುವುದು ಅದಾಗಿ 18 ತಿಂಗಳಿಗೆ.

ಪ್ರಯೋಗ: ‘ರೋಗಿಯ ಒಪ್ಪಿಗೆಯಿಲ್ಲದೆ ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ಹಂಚಬಾರದು.’

ಸುಮ್ಮನಿದ್ದವರು ಒಪ್ಪಿದಂತಲ್ಲ, ಗೊತ್ತಾಗದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಏನು ಬರೆದಿದೆ, ಯಾರಿಗೆ ಹೋಗುತ್ತದೆ ಎಂದು ಓದಿಸಿ ಕೇಳಿ, ಆಮೇಲೆ ಒಪ್ಪಿ.